ಕಲ್ಲುಗಳಿಗೆ ಹೇಳಿದ ‘ಹೋಗಿ ಬರ್ತೀನಿ’

ಇದನ್ನು ಓದಿ ನಗುವವರು ನಗಲಿ. ಅವತ್ತು ನಾನೂ ನಕ್ಕವಳೇ. ಆದರೆ ನಡೆದದ್ದು ನಡೆದಿದ್ದೇ. ನನ್ನ ಜೊತೆ ಅಲ್ಲಿದ್ದ ಸಾವಿತ್ರಿ ಆಂಟಿ ಈಗಲೂ ಆ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾರೆ.

ಡಾಲಸ್ ಹತ್ತಿರದ ಮರ್ಫಿಯಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಪುಸ್ತಕ ತೆಗೆದರೆ ಸಾಕು, ಎಂಟೂ ಮಕ್ಕಳು ಆಕಳಿಸುತ್ತವೆ. ಕಥೆಯಾಗಲಿ ಚರಿತ್ರೆಯಾಗಲಿ, ಕಣ್ಣಾರೆ ಕಂಡರೆ ತಾನೇ ಮನಸ್ಸಿಗಿಳಿಯುವುದು? ಅದಕ್ಕೇ ಡಿಸೆಂಬರಿನಲ್ಲಿ ಫೀಲ್ಡ್ ಟ್ರಿಪ್ ಹೊರಡಿಸಿದೆ.

ಅಲ್ಲಿಂದ ಒಂದು ಗಂಟೆಯ ದೂರದಲ್ಲಿ ಹತ್ತಿ ಬೆಳೆಯುತ್ತಿದ್ದವರ ಊರೊಂದಿತ್ತಂತೆ. ಈಗ ಒಂದೇ ಕೋಣೆಯ ಮರದ ಶಾಲೆ ಉಳಿದಿದೆ. ಅದರ ಹಿಂದೆ ಎಂಟು ಪುಟ್ಟ ಸಮಾಧಿ ಕಲ್ಲುಗಳು... ಒಂದೇ ಚಳಿಗಾಲದಲ್ಲಿ ಜ್ವರಕ್ಕೆ ತೀರಿಕೊಂಡ ಆ ಶಾಲೆಯ ಮಕ್ಕಳವು.

ಒಬ್ಬೊಬ್ಬರಿಗೂ ಒಂದೊಂದು ಕಲ್ಲು ತೋರಿಸಿ, ಆ ಮಗುವಿಗೆ ಕನ್ನಡದಲ್ಲಿ ಕಾಗದ ಬರೆದು ಓದಿ ಎಂದೆ. ನನ್ನ ಐಡಿಯಾಕ್ಕೆ ನಾನೇ ಮರುಳಾಗಿದ್ದೆ! ಏಳು ವರ್ಷದ ನಿಖಿಲ್ ಬಾಯಲ್ಲಿ ಒಂದು ಕನ್ನಡ ಮಾತು ಹೊರಡಿಸಲು ನನಗೆ ಸಾಕುಸಾಕಾಗುತ್ತಿತ್ತು. ಅವತ್ತು ಅವನು ಪುಟ ತುಂಬಾ ಬರೆದ.

“ಹೊರಡುವಾಗ ಏನು ಹೇಳ್ಬೇಕು ಮಕ್ಳೇ?” ಎಂದೆ. ‘ಹೋಗ್ತೀನಿ’ ಅನ್ನಬಾರದು ಎಂದು ಕಲಿಸಿದವಳು ನಾನೇ.

“ಹೋಗಿ ಬರ್ತೀನಿ!” ಎಂಟೂ ಮಕ್ಕಳು ತಮ್ಮ ತಮ್ಮ ಕಲ್ಲಿಗೆ ಕೈ ಬೀಸಿದರು.

ಧಾರವಾಡದಿಂದ ಬಂದಿದ್ದ ನಿಖಿಲನ ಅಜ್ಜಿ ಸಾವಿತ್ರಿ ಆಂಟಿ ನನ್ನ ತೋಳು ಹಿಡಿದರು. ಟೀಚರಿಗೆ ಅವರ ಕಡೆ ಅಕ್ಕೋರು ಎನ್ನುತ್ತಾರೆ. “ಅಯ್ಯ, ಬ್ಯಾಡ್ರಿ ಅಕ್ಕೋರ! ಸತ್ತವರ ಮುಂದ ‘ಬರ್ತೀನಿ’ ಅನಬಾರದ್ರಿ. ಸುಮ್ನ ಹೊಂಡಬೇಕು, ತಿರುಗಿ ನೋಡಬಾರದು.”

“ಆಂಟಿ, ಟೆಕ್ಸಸ್ ದೆವ್ವಕ್ಕೆ ಕನ್ನಡ ಬರುತ್ತಾ?” ಎಂದು ನಕ್ಕೆ. ಅವರು ನಗಲಿಲ್ಲ.

ಶಾಲೆ ನೋಡಿಕೊಳ್ಳುವವರಿಂದ ಬೀಗದಕೈ ಇಸಕೊಂಡು ಬಂದಿದ್ದೆ; ಒಳಗೆ ಎರಡು ಸಲ ನೋಡಿ ಬೀಗ ಹಾಕಿದೆ. ಎರಡು ವ್ಯಾನ್; ಒಂದನ್ನು ನಾನು ಓಡಿಸುತ್ತಿದ್ದೆ, ಆಂಟಿ ನನ್ನ ಜೊತೆ. ಗೆಳೆಯನ ಜೊತೆ ಕೂರುತ್ತೇನೆಂದು ನಿಖಿಲ್ ಇನ್ನೊಂದು ವ್ಯಾನಿನತ್ತ ಓಡಿದ್ದ. ಇಪ್ಪತ್ತು ನಿಮಿಷದ ಮೇಲೆ ಗ್ಯಾಸ್ ಸ್ಟೇಷನ್ನಿನಲ್ಲಿ ಇಳಿದರೆ... ಅವನಿಲ್ಲ. “ಅಜ್ಜಿ ಜೊತೆ ಬಂದ ಅಂದ್ಕೊಂಡೆ,” ಎಂದರು ಆ ವ್ಯಾನ್ ಓಡಿಸುತ್ತಿದ್ದ ಗೆಳೆಯನ ತಂದೆ. ಪೊಲೀಸರಿಗೆ ಫೋನ್ ಮಾಡಿ ಎಂದು ಹೇಳಿ, ಮಕ್ಕಳನ್ನು ಅವರಿಗೆ ಒಪ್ಪಿಸಿ, ಆಂಟಿಯನ್ನು ಕೂರಿಸಿಕೊಂಡು ವ್ಯಾನ್ ತಿರುಗಿಸಿದೆ.

ಆಗಲೇ ಕತ್ತಲಾಗಿತ್ತು. ನಿಖಿಲನ ಜಾಕೆಟ್ ಆಂಟಿಯ ಮಡಿಲಲ್ಲೇ ಇತ್ತು. “ಥಂಡಿ ಭಾಳ ಐತ್ರಿ... ಮಗಳಿಗೆ ಏನಂತ ಹೇಳ್ಲಿ?” ಅವರು ನನ್ನನ್ನು ಬೈದಿದ್ದರೂ ಸಮಾಧಾನವಾಗುತ್ತಿತ್ತು. ದೇವರೇ, ಮಗು ಒಂದು ಸಿಗಲಿ, ಜನ್ಮದಲ್ಲಿ ಪಾಠ ಹೇಳುವುದಿಲ್ಲ ಎಂದು ಬೇಡಿಕೊಂಡೆ.

ಸಮಾಧಿಗಳ ಹತ್ತಿರ ಟಾರ್ಚ್ ಹಿಡಿದು ಕೂಗಿದೆ. “ನಿಖಿಲ್! ನಿಖಿಲ್!” ಉತ್ತರವಿಲ್ಲ. ಗಾಳಿಯೂ ಇಲ್ಲ.

ಆಗ ಕೇಳಿಸಿತು... ಕಿರ್‍ರ್... ಕಿರ್‍ರ್... ಸ್ಲೇಟಿನ ಮೇಲೆ ಬಳಪ ಗೀಚುವ ಸದ್ದು. ಶಾಲೆಯ ಒಳಗಿನಿಂದ.

ಬಾಗಿಲಿಗೆ ನಾನು ಹಾಕಿದ ಬೀಗ ಹಾಗೇ ಇತ್ತು. ಕಿಟಕಿಗಳಿಗೆಲ್ಲ ಹಲಗೆ ಹೊಡೆದಿದ್ದರು. ಬೀಗ ತೆಗೆದೆ. ಒದ್ದೆ ಉಣ್ಣೆಯ ವಾಸನೆ ಗಪ್ಪನೆ ಬಡಿಯಿತು. ಮುಂದಿನ ಬೆಂಚಿನ ಒಂದು ತುದಿಗೆ ಸರಿದು ನಿಖಿಲ್ ಕೂತಿದ್ದ. ಕೈಯಲ್ಲಿ ಬಳಪವೂ ಇಲ್ಲ, ಸ್ಲೇಟೂ ಇಲ್ಲ.

“ಐ ಸೆಡ್ ಐ ವಿಲ್ ಕಮ್ ಬ್ಯಾಕ್, ಟೀಚರ್. ಸೋ ಐ ಕೇಮ್.”

“ಯಾರಿಗೆ ಹೇಳ್ದೆ ಕಂದ?”

ಅವನು ಬೆಂಚಿನ ಖಾಲಿ ತುದಿ ನೋಡಿದ.

ಆಂಟಿ ಅವನನ್ನು ಬಾಚಿ ಎತ್ತಿಕೊಂಡರು. ಆ ಖಾಲಿ ಜಾಗಕ್ಕೆ ಕೈ ಮುಗಿದರು. “ಸಣ್ಣ ಹುಡುಗ, ತಿಳೀದ ಅಂದಾನಪ್ಪ. ಅವ ಬರಂಗಿಲ್ಲ. ಬಿಟ್ಟುಬಿಡು.” ನನ್ನತ್ತ ತಿರುಗಿ ಪಿಸುಗುಟ್ಟಿದರು: “ಬಾಯಿ ಬಿಡಬ್ಯಾಡ್ರಿ. ನಡೀರಿ.”

ತುಟಿ ಕಚ್ಚಿಕೊಂಡು ಹೊರಬಂದೆ. ಬಾಗಿಲು ಎಳೆದು ಬೀಗ ಒತ್ತಿದೆ. ಒಳಗಿನಿಂದ, ಬಾಗಿಲಿಗೆ ಬಾಯಿಟ್ಟಷ್ಟು ಹತ್ತಿರದಿಂದ, ಒಂದು ಮಗುವಿನ ದನಿ... ಹೊಸದಾಗಿ ಕಲಿತವರಂತೆ ಅಕ್ಷರ ಅಕ್ಷರ ಬಿಡಿಸಿ...

“ಹೋ... ಗಿ... ಬ... ರ್ತೀ... ನಿ.”

ನಿಖಿಲ್ ಅಜ್ಜಿಯ ಹೆಗಲ ಮೇಲೆ ಆಗಲೇ ನಿದ್ದೆ ಹೋಗಿದ್ದ. ಆಂಟಿ ಒಂದು ಕ್ಷಣ ನಿಂತರು, ತಿರುಗಿ ನೋಡಲಿಲ್ಲ.

ಅವನ ಅಪ್ಪ ಅಮ್ಮ ನನ್ನನ್ನು ಕ್ಷಮಿಸಿದರು. ದೇವರಿಗೆ ಕೊಟ್ಟ ಮಾತು ಮುರಿದು ನಾನು ಮತ್ತೆ ಪಾಠ ಶುರುಮಾಡಿದೆ. ನಿಖಿಲ್ ಈಗ ಚೆನ್ನಾಗಿಯೇ ಇದ್ದಾನೆ. ಆದರೆ ಪ್ರತಿ ಶನಿವಾರ ತನ್ನ ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ.

ಹೋದ ವಾರ ಯಾಕೆಂದು ಕೇಳಿಯೇಬಿಟ್ಟೆ.

ನಿಖಿಲ್ ಬಾಗಿಲ ಕಡೆ ನೋಡಿದ. ಮೊದಲ ಸಲ, ತಡವರಿಸದೆ, ಕನ್ನಡದಲ್ಲಿ ಹೇಳಿದ:

“ಬರ್ತೀನಿ ಅಂದಿದ್ದಾನಲ್ಲ, ಟೀಚರ್.”