ಸುಪ್ರಜಾಳ ಹೆಸರಿನ ದತ್ತಿ

ಓಕಳಿಪುರಂನ ಯಶಶ್ರೀ ವಿಶೇಷ ಮಕ್ಕಳಿಗೆ ಪಾಠ ಹೇಳುವ ತರಬೇತಿಗೆ ಸೇರಿದ್ದು 1998ರಲ್ಲಿ. ಅಪ್ಪ ಶಿವಲಿಂಗಯ್ಯ ರೈಲ್ವೆ ಗ್ಯಾಂಗ್‌ಮನ್. ಅವಳ ಫೀಸು ಕಟ್ಟುತ್ತಿದ್ದವರು ಬಸವನಗುಡಿಯ ಆಂಡಾಳ್, ನಿವೃತ್ತ ಹೈಸ್ಕೂಲ್ ಟೀಚರು. ಬುದ್ಧಿ ಬೆಳೆಯದ, ಹದಿನಾರಕ್ಕೇ ತೀರಿಕೊಂಡ ಮಗಳು ಸುಪ್ರಜಾಳ ಹೆಸರಿನಲ್ಲಿ ಆ ಮನೆಯವರು ದತ್ತಿ ಇಟ್ಟಿದ್ದರು.

ಮರುವರ್ಷ ಶ್ರಾವಣದ ಒಂದು ಶುಕ್ರವಾರ. ಮಕ್ಕಳು ತಾವೇ ಹೂವು ಕೊಳ್ಳುವುದನ್ನು ಕಲಿಯಲೆಂದು ಯಶಶ್ರೀ ತರಬೇತಿ ಶಾಲೆಯ ಮೂವರನ್ನು ಗಾಂಧಿ ಬಜಾರಿಗೆ ಕರೆದೊಯ್ದಳು. ಒಬ್ಬಳ ಚಪ್ಪಲಿಯ ಪಟ್ಟಿ ಸರಿಪಡಿಸಿ ತಲೆ ಎತ್ತಿದರೆ ಆರಾಧನಾ ಇಲ್ಲ. ಹನ್ನೊಂದರ ಹುಡುಗಿ, ಮಾತು ಬಾರದು.

ಉಳಿದಿಬ್ಬರನ್ನು ಹೂವಿನ ಚಿಕ್ಕಮುನಿಯಮ್ಮನ ಬಳಿ ಕೂರಿಸಿ ಓಡಿದಳು.

"ಹಳದಿ ಲಂಗದ ಹುಡ್ಗಿ, ಮಾತಾಡಲ್ಲ. ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಒಬ್ಬರು ಪೊಲೀಸ್ ಸ್ಟೇಷನ್ನಿಗೆ ಹೋಗಿ ಎಂದರು. ಸರ್ಕಲ್ಲಿನವರೆಗೆ ಹೋಗಿ ವಾಪಸು ಬಂದಳು. ಬಸ್ಸು ಬ್ರೇಕು ಹಾಕಿದಾಗಲೆಲ್ಲ ಆ ಕಡೆ ಓಡಿ ನೋಡುತ್ತಿದ್ದಳು. ಇಪ್ಪತ್ತು ನಿಮಿಷ ಕಳೆದವು.

ಆಮೇಲೆ ಸುಮ್ಮನೆ ನಿಂತಳು. ಮಿಕ್ಸಿ ಸದ್ದಿಗೂ ಕಿವಿ ಮುಚ್ಚಿಕೊಳ್ಳುವ ಮಗು ಈ ಗಲಾಟೆಯಲ್ಲಿ ಎಲ್ಲಿಗೆ ಹೋದೀತು? ಜನರನ್ನು ಕೇಳುವುದು ಬಿಟ್ಟು ಸದ್ದಿಲ್ಲದ ಜಾಗ ಹುಡುಕತೊಡಗಿದಳು. ಪುಸ್ತಕದಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಕಾಗದದ ಕಟ್ಟುಗಳ ಸಂದಿಯಲ್ಲಿ ಆರಾಧನಾ ನಡುಗುತ್ತ ಕೂತಿದ್ದಳು. ಯಶಶ್ರೀ ಮುಟ್ಟಲಿಲ್ಲ. ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತಳು. ಎಷ್ಟೋ ಹೊತ್ತಿನ ಮೇಲೆ ಮಗು ತಾನೇ ಕೈ ಚಾಚಿತು.

ತರಬೇತಿಯಿಂದ ತೆಗೆಯುವ ಬಗ್ಗೆ ಸೋಮವಾರ ತೀರ್ಮಾನ ಎಂದರು ಪ್ರಿನ್ಸಿಪಾಲರು. ಆ ಶುಕ್ರವಾರ ಸಂಜೆಯೇ ಅವಳು ಆಂಡಾಳ್ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

"ಸ್ಕಾಲರ್‌ಶಿಪ್ ಬೇರೆಯವ್ರಿಗೆ ಕೊಡಿ, ಮೇಡಂ. ನನ್ ಕೈಲಿ ಆಗಲ್ಲ."

ಆಂಡಾಳ್ ಕುರ್ಚಿ ಎಳೆದು ಅವಳೆದುರು ಕೂತರು.

"ಸಿಕ್ಕಿದ ತಕ್ಷಣ ಹೊಡೆದ್ಯಾ?"

"ಇಲ್ಲ ಮೇಡಂ. ಅಲ್ಲೇ ಕೂತ್ಕೊಂಡೆ."

"ಸುಪ್ರಜಾನೂ ಒಂದ್ಸಲ ಕಳೆದುಹೋಗಿದ್ಲು. ಸಿಕ್ಕಿದಾಗ ನಾನು ಬೀದೀಲೇ ಹೊಡೆದೆ. ಯಾಕ್ ಹೋದ್ಲು ಅಂತ ಯೋಚ್ನೆ ಮಾಡ್ಲಿಲ್ಲ. ನಾನೂ ಟೀಚರೇ."

ಸೋಮವಾರ ಇಬ್ಬರೂ ಶಾಲೆಗೆ ಹೋದರು. ಆರಾಧನಾಳ ತಾಯಿ ಅತ್ತು ಬೈದದ್ದನ್ನು ಯಶಶ್ರೀ ತಲೆ ತಗ್ಗಿಸಿ ಪೂರ್ತಿ ಕೇಳಿದಳು. ಮಗು ಸಿಕ್ಕ ಬಗೆಯನ್ನು ಆಂಡಾಳ್ ವಿವರಿಸಿದರು. ಕೊನೆಗೆ ಆ ತಾಯಿಯೇ, "ಇವರನ್ನ ತೆಗೀಬೇಡಿ, ಆದ್ರೆ ಒಬ್ರನ್ನೇ ಮಕ್ಕಳ ಜೊತೆ ಹೊರಗೆ ಕಳಿಸ್ಬೇಡಿ" ಎಂದರು. ಪ್ರಿನ್ಸಿಪಾಲರು ಒಪ್ಪಿದರು.

ತರಬೇತಿ ಮುಗಿದ ಮೇಲೆ ಯಶಶ್ರೀ ಹನುಮಂತನಗರದ ಶಾಲೆಯೊಂದರಲ್ಲಿ ಟೀಚರಾದಳು. ಆಂಡಾಳ್ ಕಣ್ಣು ಮಂಜಾದ ಮೇಲೆ, ದತ್ತಿಗೆ ಬಂದ ಅರ್ಜಿಗಳನ್ನು ಪ್ರತಿ ಜೂನಿನಲ್ಲಿ ಓದಿ ಹೇಳುತ್ತಿದ್ದವಳು ಅವಳೇ. ಮಕ್ಕಳ ಬಗ್ಗೆ ಏನು ಬರೆದಿದ್ದಾರೆಂದು ಮೊದಲು ಕೇಳಿ, ಅಂಕಗಳನ್ನು ಆಂಡಾಳ್ ಎಲ್ಲಕ್ಕಿಂತ ಕೊನೆಗೆ ಕೇಳುತ್ತಿದ್ದರು.