ಬಂದ್ ಮಾಡುವಾಗಿನ ಹುಷಾರಿ

ತೋಟದ ನೀರಿನ ಮೋಟರ್ ಚಾಲೂ ಮಾಡುವ ಮುನ್ನ ಸ್ಟಾರ್ಟರ್ ಪೆಟ್ಟಿಗೆಗೆ ಕೈ ಮುಗಿಯುವುದು ನಮ್ಮ ಹಳ್ಳಿ ಅನಂತಪುರದ ರೂಢಿ. ಹಾರೂಗೇರಿಯಿಂದ ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್‌ಗೆ ಮಾತ್ರ ಬಂದ್ ಮಾಡುವಾಗಲೇ ಭಯಭಕ್ತಿ. ಟೋಪಿ ಸರಿಮಾಡಿಕೊಂಡು, ಗುಂಡಿ ಒತ್ತಿ, ಥಟ್ಟನೆ ಹಿಂದೆ ಸರಿಯುತ್ತಿದ್ದರು. “ಚಾಲೂ ಆಗೂದು ಸಸಾರ ಐತ್ರಿ, ನಿಂದರೂದ ಕಠಿಣ” ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ದ್ರಾಕ್ಷಿ ಬಳ್ಳಿ ಸವರಿ ಹೊಸ ಚಿಗುರು ಬಂದಿತ್ತು, ಹಾಯಿಸಲು ನೀರಿಲ್ಲ. ಮೋಟರ್ ನಿಂತಾಗಲೆಲ್ಲ ಕರೆಂಟ್ ಬಂದೊಡನೆ ತಾನಾಗಿ ಚಾಲೂ ಮಾಡುವ ಆಟೋ ಸ್ಟಾರ್ಟರಿನ ಸರ್ಕಿಟ್ ಸುಟ್ಟುಹೋಗಿ, ಮೋಟರ್ ಮತ್ತೆ ಏಳುತ್ತಿರಲಿಲ್ಲ. “ಬಂದ್ ಮಾಡಿದ್ ಮ್ಯಾಲ ಹೆಂಗ ಸುಡತೈತೋ ಮಾರಾಯಾ?” ಎಂದು ಅಪ್ಪ ರೇಗಿದರು.

ಮೆಕ್ಯಾನಿಕ್ ಪೆಟ್ಟಿಗೆ ತೆರೆದು, ಒಳಗೆ ಸ್ವಿಚ್ಚಿನಂತೆ ಕೆಲಸ ಮಾಡುವ ರಿಲೇಯ ತಂತಿಸುರುಳಿ ತೋರಿಸಿದರು. “ಇದರಾಗಿನ ಕರೆಂಟ್ ಒಮ್ಮಿಗೇ ತಡದ್ರ ನಿಂದರಂಗಿಲ್ರಿ ಕಾಕಾ. ದಾರಿ ಸಿಗಲಿಲ್ಲಂದ್ರ ವೋಲ್ಟೇಜ್ ಏರಿಸ್ಕೊಂಡು ಅಡ್ಡ ಬಂದಿದ್ದನ್ನ ಸುಡತೈತಿ.” ಸುಟ್ಟ ಸರ್ಕಿಟ್ ಬದಲಿಸಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಜೋಳದ ಕಾಳಿನಷ್ಟಿದ್ದ ಒಂದು ಡಯೋಡನ್ನು ಸುರುಳಿಯ ಎರಡೂ ತುದಿಗಳ ನಡುವೆ ಬೆಸೆದರು. “ಇನ್ನ ತನ್ನೊಳಗ ಸುತ್ತಿ, ದಣದು, ತಾನ ನಿಂದರತೈತಿ.”

ಮೋಟರ್ ಚಾಲೂ ಮಾಡಿ, ಬಂದ್ ಮಾಡಿದರು. ಅಪ್ಪ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು. ಸುಟ್ಟ ವಾಸನೆ ಬರಲಿಲ್ಲ. ಮತ್ತೆ ಚಾಲೂ ಮಾಡಿದಾಗ ಪೈಪಿನಲ್ಲಿ ನೀರು ಗುಡುಗಿತು.

“ಕಣ್ಣ ತಗೀರಿ ಕಾಕಾ” ಎಂದರು ಮೆಕ್ಯಾನಿಕ್, ಪೆಟ್ಟಿಗೆಯ ಪಕ್ಕದಿಂದಲೇ. ಆಗಲೇ ನಾನು ಗಮನಿಸಿದ್ದು: ಈ ಸಲ ಬಂದ್ ಮಾಡಿದಾಗ ಅವರು ಹಿಂದೆ ಸರಿದಿರಲೇ ಇಲ್ಲ.