ನಸ್ರೀನ್ ಅಳೆದ ವೃತ್ತ

ನಸ್ರೀನ್, ಅವತ್ತು ತಟ್ಟೆಯಲ್ಲಿ ವೃತ್ತ ಇತ್ತು. ನಾನೂ ನೋಡಿದ್ದೆ. ನೀನು ಅಳತೆಪಟ್ಟಿ ಹಿಡಿದು ಅಳೆಯುವಾಗ ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸಿದ್ದೆ. ಆಮೇಲೆ ಎಲ್ಲರೆದುರು ನಾನು ನೆನಪಿಲ್ಲ ಎಂದೆ — ಅದು ಸುಳ್ಳು. ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು ಎಂದು ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಕೆ.ಆರ್. ಪುರದಾಚೆಯ ಆ ಚಿಕ್ಕ ಪ್ರಯೋಗಾಲಯದಲ್ಲಿ ನಾವು ಮಣ್ಣಿನಲ್ಲಿ ಔಷಧ ಹುಡುಕುತ್ತಿದ್ದೆವು. ರಜೆಗೆ ಹೋದವರು ಸಿಹಿ ತರದಿದ್ದರೂ ನಡೆಯುತ್ತಿತ್ತು, ಕ್ಯಾಮೆರಾ ರೀಲಿನ ಡಬ್ಬಿಯಲ್ಲಿ ಒಂದು ಚಮಚ ಮಣ್ಣು ತರಲೇಬೇಕಿತ್ತು. ನೀನು ಊರು ಬಿಟ್ಟು ಎಲ್ಲಿಗೂ ಹೋದವಳಲ್ಲ. ಫ್ರೇಜರ್ ಟೌನಿನ, ನೀನು ನಾನಿ ಎನ್ನುತ್ತಿದ್ದ ಅಜ್ಜಿಯ ಮನೆಯಂಗಳದ ಮೆಹಂದಿ ಗಿಡದ ಬುಡದಿಂದ ತಂದೆ. ಅದರಲ್ಲಿ ಬೂದು ಬಣ್ಣದ, ಹಿಟ್ಟು ಉದುರಿಸಿದಂತಿದ್ದ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದು ಬೆಳೆದ ರಸವನ್ನು ರೋಗಾಣು ಹರಡಿದ ಗಾಜಿನ ತಟ್ಟೆಗೆ ಹಾಕಿದಾಗ ಸುತ್ತಲಿನ ರೋಗಾಣುವೆಲ್ಲ ಸತ್ತು ಒಂದು ತಿಳಿಯಾದ ವೃತ್ತ ಮೂಡಿತು. ಇದು ಮತ್ತೊಮ್ಮೆ ಬಂದರೆ ನಿನ್ನನ್ನು ಕಾಯಂ ಮಾಡುತ್ತೇನೆ ಎಂದು ಮುಖ್ಯಸ್ಥರು ಮಾತು ಕೊಟ್ಟರು.

ಅವತ್ತು ಸಂಜೆ ಶಿವಾಜಿನಗರದ ಬಸ್ಸಿನಲ್ಲಿ, ನಾನು ಹಲಸೂರಿನಲ್ಲಿ ಇಳಿಯುವವರೆಗೂ ನೀನು ಪ್ರಶ್ನೆ ಕೇಳಿದ್ದೇ ಕೇಳಿದ್ದು. ಅಕ್ಕಪಕ್ಕದವರನ್ನೆಲ್ಲ ಕೊಲ್ಲುವ ಬ್ಯಾಕ್ಟೀರಿಯಾ ತನ್ನ ವಿಷಕ್ಕೆ ತಾನೇ ಯಾಕೆ ಸಾಯುವುದಿಲ್ಲ? ಓದಿದವಳೆಂಬ ಗತ್ತಿನಲ್ಲಿ ನಾನು ವಿವರಿಸಿದೆ. ಕೆಲವು ಜೀವಿಗಳು ವಿಷಕ್ಕೆ ಬೀಗ ಹಾಕಿಯೇ ತಯಾರಿಸುತ್ತವೆ, ಹೊರಗೆ ಹೋದ ಮೇಲಷ್ಟೇ ಬೀಗ ತೆರೆಯುತ್ತದೆ. ಕೆಲವು ಒಳನುಗ್ಗಿದ ವಿಷವನ್ನು ಪಂಪಿನಂತೆ ಆಚೆ ತಳ್ಳುತ್ತವೆ. ಇನ್ನು ಕೆಲವು, ವಿಷ ಬಂದು ಅಂಟಿಕೊಳ್ಳುವ ಜಾಗವನ್ನೇ ತಮ್ಮ ಮೈಯಲ್ಲಿ ಬದಲಾಯಿಸಿಕೊಂಡಿರುತ್ತವೆ. ನೀನು, "ಹಾಗಾದ್ರೆ ವಿಷ ಯಾರ್ದು ಅಂತ ಗೊತ್ತಾಗ್ಬೇಕಂದ್ರೆ, ಅದ್ರಲ್ಲಿ ಯಾರು ಬದುಕ್ತಾರೆ ಅಂತ ನೋಡಿದ್ರೆ ಸಾಕಲ್ವಾ ಅಕ್ಕಾ?" ಎಂದೆ. ನನಗೆ ಒಳಗೊಳಗೇ ಹೊಟ್ಟೆಯುರಿಯಿತು. ಅದು ನನಗೆ ಹೊಳೆಯಬೇಕಾದ ಮಾತಾಗಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹೊಸ ಬ್ಯಾಕ್ಟೀರಿಯಾ ಸಿಕ್ಕ ದಿನವೇ ಒಂದು ಕೊಳವೆಯಷ್ಟನ್ನು ಫ್ರೀಜರಿನಲ್ಲಿ ಎತ್ತಿಡಬೇಕು, ಅದೇ ಮೂಲ. ಆ ಕೆಲಸ ನನ್ನದು. ನಾನು ಎತ್ತಿಡಲಿಲ್ಲ — ನಾಳೆ ಇಟ್ಟರಾಯಿತೆಂದು ರಿಜಿಸ್ಟರಿನಲ್ಲಿ ಮಾತ್ರ ಇಟ್ಟಿದ್ದೇನೆ ಎಂದು ಬರೆದೆ. ಆ ನಾಳೆ ಬರಲಿಲ್ಲ. ಹದಿನೈದು ದಿನಕ್ಕೊಮ್ಮೆ ಅದನ್ನು ಹಳೆಯ ಕೊಳವೆಯಿಂದ ಹೊಸದಕ್ಕೆ ದಾಟಿಸುವಾಗ, ಬೂದು ಹಿಟ್ಟಿನವುಗಳ ನಡುವೆ ನುಣ್ಣಗಿನವು ಕೆಲವು ಕಾಣುತ್ತಿದ್ದವು. ನುಣ್ಣಗಿನವು ಬೇಗ ಬೆಳೆಯುತ್ತಿದ್ದವು, ಎತ್ತಿಕೊಳ್ಳುವ ತಂತಿಯ ತುದಿಗೆ ಸುಲಭವಾಗಿ ಬರುತ್ತಿದ್ದವು. ನಾನು ಅವನ್ನೇ ಎತ್ತಿಕೊಂಡೆ, ಪ್ರತಿ ಸಲವೂ. ಹಾಗೆ ಹಿಟ್ಟು ಕಳೆದುಕೊಂಡು ಬೋಳಾದವು ವಿಷ ಮಾಡುವುದನ್ನೂ ಬಿಟ್ಟುಬಿಡಬಹುದೆಂದು ನನಗೆ ಗೊತ್ತಿತ್ತು.

ಎರಡನೆಯ ಸಲ ಪರೀಕ್ಷಿಸಿದಾಗ ವೃತ್ತ ಬರಲಿಲ್ಲ. ಮೂಲದಿಂದ ಮತ್ತೆ ಮಾಡಿ ಎಂದರು ಮುಖ್ಯಸ್ಥರು. ಮೂಲ ಎಲ್ಲಿತ್ತು? ಮಧ್ಯಾಹ್ನ ನೀವೆಲ್ಲ ಊಟಕ್ಕೆ ಹೋಗಿದ್ದಾಗ ನಾನು ಬೋಳು ಬ್ಯಾಕ್ಟೀರಿಯಾವನ್ನೇ ಒಂದು ಕೊಳವೆಗೆ ತುಂಬಿ, ಹಳೆಯ ತಾರೀಖು ಬರೆದು ಫ್ರೀಜರಿನಲ್ಲಿಟ್ಟೆ. ಅದರಿಂದಲೂ ವೃತ್ತ ಬರಲಿಲ್ಲ. ನಿನ್ನ ನಾನಿಯ ಮನೆಯ ಅಂಗಳಕ್ಕೆ ಅಷ್ಟರಲ್ಲಿ ಗಾರೆ ಹಾಕಿಸಿಯಾಗಿತ್ತು, ಮತ್ತೆ ಮಣ್ಣು ತರುವಂತಿರಲಿಲ್ಲ.

ಮೂಲದಲ್ಲೇ ವಿಷ ಇಲ್ಲವೆಂದರೆ ಮೊದಲ ವೃತ್ತ ಎಲ್ಲಿಂದ ಬಂತು ಎಂದು ಮುಖ್ಯಸ್ಥರು ಕೇಳಿದರು. ಕಾಯಂ ಆಗುವ ಆಸೆಗೆ ಅಂಗಡಿಯ ಔಷಧವನ್ನೇ ಬೆರೆಸಿರಬೇಕು ಎಂದು ಯಾರೋ ಗೊಣಗಿದರು. ನೀನು ಅಳಲಿಲ್ಲ. ನನ್ನ ಕಡೆ ತಿರುಗಿ, "ಅಕ್ಕಾ, ನೀವೂ ನೋಡಿದ್ರಲ್ಲ, ಹೇಳಿ" ಎಂದೆ.

"ನನಗೆ ಸರಿಯಾಗಿ ನೆನಪಿಲ್ಲ."

ವಿಷದಲ್ಲಿ ಯಾರು ಬದುಕುತ್ತಾರೆ ನೋಡಿದರೆ ಸಾಕೆಂದು ಬಸ್ಸಿನಲ್ಲಿ ನೀನೇ ಆಡಿದ್ದ ಮಾತು ಆ ಗಾಬರಿಯಲ್ಲಿ ನಿನಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಹೇಳಿದ್ದರೆ ನನ್ನ ಕೊಳವೆಯ ಕಥೆ ಹೊರಬೀಳುತ್ತಿತ್ತು. ಆ ತಿಂಗಳೇ ನಿನ್ನನ್ನು ಕೆಲಸದಿಂದ ತೆಗೆದರು.

ನೀನು ಹೋದ ಮೇಲೆ ಫ್ರಿಜ್ಜಿನ ಮೂಲೆಯಲ್ಲಿ ನಿನ್ನ ಅಕ್ಷರವಿದ್ದ ಒಂದು ಬಾಟಲಿ ಸಿಕ್ಕಿತು, ಮೊದಲ ಸಲದ ರಸ. ಯಾರಿಗೂ ಹೇಳದೆ ಅದನ್ನು ಬ್ಯಾಕ್ಟೀರಿಯಾ ಬೆಳೆಸುವ ಆಹಾರಕ್ಕೆ ಬೆರೆಸಿ ಒಂದು ತಟ್ಟೆ ಮಾಡಿದೆ. ಬೇರೆ ಮಣ್ಣಿನ ಬ್ಯಾಕ್ಟೀರಿಯಾಗಳನ್ನೂ ನನ್ನ ಬೋಳು ಬ್ಯಾಕ್ಟೀರಿಯಾವನ್ನೂ ಅದರ ಮೇಲೆ ಗೀಚಿದೆ. ಉಳಿದವೆಲ್ಲ ಸತ್ತವು, ನನ್ನದು ಬೆಳೆಯಿತು. ವಿಷ ಮಾಡುವುದನ್ನು ಮರೆತರೂ ಆ ವಿಷವನ್ನು ತಡೆದುಕೊಳ್ಳುವುದನ್ನು ಅದು ಮರೆತಿರಲಿಲ್ಲ. ಬಾಟಲಿಯಲ್ಲಿದ್ದದ್ದು ಅಂಗಡಿಯ ಔಷಧವಲ್ಲ, ಅದರದೇ ವಿಷ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನಾನು ರಸವನ್ನು ಸಿಂಕಿಗೆ ಸುರಿದೆ. ತಟ್ಟೆಯನ್ನು ಉಳಿದ ಕಸದ ಜೊತೆ ಹಬೆಯಲ್ಲಿ ಬೇಯಲು ಹಾಕಿ, ಕೈತೊಳೆದುಕೊಂಡು, ಚಹಾ ಕುಡಿಯಲು ಹೋದೆ. ಚಹಾ ಸೇರಿತು ಕೂಡ.

ಕೆಲವು ವರ್ಷಗಳ ನಂತರ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿ ನೀನು ಎದುರಾದೆ, ಜೊತೆಯಲ್ಲಿ ಮಗಳಿದ್ದಳು. ರಕ್ತಪರೀಕ್ಷೆಯ ಅಂಗಡಿಯೊಂದರಲ್ಲಿ ಚೀಟಿ ಬರೆದುಕೊಡುವ ಕೆಲಸ, ಪರೀಕ್ಷೆ ಮಾಡಲು ಧೈರ್ಯ ಸಾಲುವುದಿಲ್ಲ ಎಂದು ನೀನು ಹೇಳಿದೆ. ನಾನು ಮುಖ ತಪ್ಪಿಸುವಷ್ಟರಲ್ಲಿ ನೀನೇ ಮಾತು ತೆಗೆದೆ. "ನಂದೇ ತಪ್ಪಿರ್ಬೇಕು ಅಕ್ಕಾ. ಏನೋ ನೋಡಿ ಏನೋ ಬರ್ದಿರ್ತೀನಿ. ನಿಮ್ಗೂ ತೊಂದ್ರೆ ಕೊಟ್ಟೆ."

ನಾನು ಏನು ಹೇಳಿದೆ ಎಂಬುದು ನಿನಗೆ ನೆನಪಿರಬಹುದು. "ಹೋಗ್ಲಿ ಬಿಡು" ಎಂದೆ. ದೊಡ್ಡ ಮನಸ್ಸಿನವಳಂತೆ ನಿನ್ನನ್ನು ಕ್ಷಮಿಸಿಬಿಟ್ಟೆ. ಕೆಲಸ ಹೋದದ್ದಕ್ಕಿಂತ ದೊಡ್ಡದನ್ನು ನಿನ್ನಿಂದ ಕಿತ್ತುಕೊಂಡಿದ್ದೇನೆಂದು ಅಲ್ಲಿ, ಆ ಜನಜಂಗುಳಿಯಲ್ಲಿ, ಮೊದಲ ಸಲ ತಿಳಿಯಿತು. ಆದರೂ ಸುಮ್ಮನೆ ಮನೆಗೆ ಬಂದೆ. ಮತ್ತೂ ಎಷ್ಟೋ ಕಾಲ ಸುಮ್ಮನಿದ್ದೆ.

ಇದೇ ಕಾಗದದ ಇನ್ನೊಂದು ಪ್ರತಿಯನ್ನು ಇವತ್ತು ಬೆಳಿಗ್ಗೆ ಮುಖ್ಯಸ್ಥರ ಮನೆಯ ವಿಳಾಸಕ್ಕೆ ಅಂಚೆಗೆ ಹಾಕಿದ್ದೇನೆ, ಮನಸ್ಸು ಬದಲಾಯಿಸಲು ದಾರಿ ಇರದಿರಲೆಂದು. ನಿನ್ನದನ್ನು ನಾನೇ ತಂದು ಕೊಡುತ್ತೇನೆ. ಓದಿದ ಮೇಲೆ ನೀನು ಬಾಗಿಲು ಹಾಕಿಕೊಂಡರೂ ಸರಿ. ಒಂದನ್ನು ಮಾತ್ರ ನಿನ್ನ ಮಗಳ ಎದುರೇ ಬಾಯಿಬಿಟ್ಟು ಹೇಳಿ ಹೋಗುತ್ತೇನೆ: ನಿಮ್ಮಮ್ಮ ನೋಡಿದ್ದು ಸರಿಯಾಗಿತ್ತು, ಬರೆದದ್ದೂ ಸರಿಯಾಗಿತ್ತು, ಸುಳ್ಳು ಹೇಳಿದವಳು ನಾನು.